ವಿದೇಶದಲ್ಲಿ ಇಂಗ್ಲಿಷ್ ಟೀಚರ್ ಕೆಲಸ: ಆಫರ್ ಲೆಟರನ್ನು ನಾನು ಕೊನೆಯ ಪುಟದಿಂದ ಓದಿದ್ದು

2024ರ ಆರಂಭದಲ್ಲಿ ನನ್ನ ಕೈಯಲ್ಲಿ ಎರಡು ಆಫರ್ ಲೆಟರ್ ಇದ್ದವು. ಒಂದು ಥಾಯ್ಲೆಂಡಿನದು. ಬ್ಯಾಂಕಾಕ್‌ನಿಂದ ಸ್ವಲ್ಪ ದೂರದ ಶಾಲೆಗೆ ಒಂದು ಏಜೆನ್ಸಿ ಮೂಲಕ. ಇನ್ನೊಂದು ಯುಎಇಯ ಶಾರ್ಜಾದ್ದು. ಸಿಬಿಎಸ್‌ಇ ಪಠ್ಯ ಇರುವ ಖಾಸಗಿ ಶಾಲೆ, ನೇರವಾಗಿ ಅವರೇ ಕಳಿಸಿದ್ದು. ಎರಡೂ ಇಂಗ್ಲಿಷ್ ಹೇಳಿಕೊಡುವ ಕೆಲಸ. ಆಗ ನಾನು ಹಾಸನದ ಖಾಸಗಿ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದೆ. ಎಂ.ಎ., ಬಿ.ಇಡಿ. ಆಗಿತ್ತು. ಸಂಬಳ 26 ಸಾವಿರ.

ಈಗ ಶಾರ್ಜಾದಲ್ಲಿದ್ದೇನೆ. ಊರಿನ ಕಡೆಯ ಟೀಚರುಗಳು ತಮಗೆ ಬಂದ ಲೆಟರನ್ನು ವಾಟ್ಸಾಪ್‌ನಲ್ಲಿ ಕಳಿಸಿ "ಅಕ್ಕಾ, ಇದು ಸರಿ ಇದೆಯಾ, ಹೋಗಬಹುದಾ?" ಅಂತ ಕೇಳುತ್ತಾರೆ. ಎಲ್ಲರಿಗೂ ಬಿಡಿಬಿಡಿಯಾಗಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹೇಗೆ ಲೆಕ್ಕ ಹಾಕಿದೆ, ಯಾರನ್ನು ಕೇಳಿದೆ, ಯಾವ ಸಾಲಿಗೆ ತಕರಾರು ತೆಗೆದೆ, ಅಷ್ಟೇ.

ಶುರುವಿನಲ್ಲೇ ಒಂದು ವಿಷಯ ತಿಳಿದಿರಲಿ. ಪದವಿ ಓದಿದ ಟೀಚರುಗಳು ಹೊರದೇಶಕ್ಕೆ ಹೋಗುವಾಗ ಅವರ ಕರಾರನ್ನು ನಮ್ಮ ಸರ್ಕಾರದ ಕಡೆಯಿಂದ ಯಾರೂ ಓದಿ ನೋಡುವುದಿಲ್ಲ. 1983ರ ವಲಸೆ ಕಾಯ್ದೆ ಪ್ರಕಾರ ಹತ್ತನೇ ತರಗತಿ ಪಾಸಾಗದವರು ಕೆಲಸಕ್ಕೆ ಅಂತ 18 ದೇಶಗಳಿಗೆ ಹೋಗಬೇಕಾದರೆ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಕಚೇರಿಯ ಕ್ಲಿಯರೆನ್ಸ್ ಬೇಕು. ಯುಎಇ, ಒಮಾನ್, ಸೌದಿ, ಮಲೇಷ್ಯಾ, ಥಾಯ್ಲೆಂಡ್ ಎಲ್ಲಾ ಆ ಪಟ್ಟಿಯಲ್ಲಿವೆ. ಅವರ ಕಾಗದಪತ್ರವನ್ನು ಒಬ್ಬ ಅಧಿಕಾರಿ ನೋಡುತ್ತಾರೆ. ನಮಗೆ ಆ ಕ್ಲಿಯರೆನ್ಸ್ ಬೇಕಿಲ್ಲ. ಓದಿದವರು, ತಾವೇ ನೋಡಿಕೊಳ್ಳುತ್ತಾರೆ ಅಂತ ಬಿಟ್ಟಿದ್ದಾರೆ. ಹಾಗಾದರೆ ನಿಜಕ್ಕೂ ನಾವೇ ನೋಡಿಕೊಳ್ಳಬೇಕು, ಸಾಲು ಸಾಲಾಗಿ.

ನಾನು ಎರಡೂ ಲೆಟರನ್ನು ಪ್ರಿಂಟ್ ತೆಗೆಸಿ, ಕೊನೆಯ ಪುಟದಿಂದ ಓದಲು ಶುರು ಮಾಡಿದೆ. ಕೆಲಸ ಬಿಟ್ಟರೆ ಏನು, ಬಿಡಿಸಿದರೆ ಏನು ಅನ್ನುವ ಸಾಲುಗಳು ಅಲ್ಲೇ ಇರುತ್ತವೆ. ಸಂಬಳದ ಸಾಲು ಬರೆಯುವಾಗ ಅವರಿಗೆ ನಾವು ಬೇಕಾಗಿರುತ್ತೇವೆ, ಚೆನ್ನಾಗಿಯೇ ಬರೆಯುತ್ತಾರೆ. ನಾವು ಬೇಡವಾದ ದಿನ ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದು ಕೊನೆಯ ಪುಟದಲ್ಲಿರುತ್ತದೆ. ಆಫರ್ ನ್ಯಾಯವಾಗಿದೆಯೋ ಇಲ್ಲವೋ ಅಂತ ಅಳೆಯಲು ನನಗೆ ಅದಕ್ಕಿಂತ ಒಳ್ಳೆಯ ಜಾಗ ಇವತ್ತಿಗೂ ಸಿಕ್ಕಿಲ್ಲ.

ಥಾಯ್ಲೆಂಡಿನ ಲೆಟರಿನಲ್ಲಿ ಹೀಗಿತ್ತು: ಟೀಚರ್ ಕರಾರು ಮುಗಿಯುವ ಮೊದಲು ಬಿಟ್ಟರೆ 20,000 ಬಾಟ್ ಕಟ್ಟಬೇಕು. ಮೊದಲ ತಿಂಗಳ ಸಂಬಳದಲ್ಲಿ ಒಂದು ಭಾಗವನ್ನು ಡಿಪಾಸಿಟ್ ಅಂತ ಇಟ್ಟುಕೊಂಡು ಕೊನೆಗೆ ಕೊಡುತ್ತಾರೆ. ಏಜೆನ್ಸಿಯವರು ಬಿಡಿಸಿದರೆ? ಅವರು ಏನು ಕೊಡುತ್ತಾರೆ ಅಂತ ಒಂದು ಸಾಲೂ ಇರಲಿಲ್ಲ. ಶಾಲೆಗೆ ಇಷ್ಟವಾಗದಿದ್ದರೆ ಕರಾರು ತಕ್ಷಣ ರದ್ದು ಅಂತ ಮಾತ್ರ ಇತ್ತು. ಅಂದರೆ ಬಿಡುವ ಖರ್ಚೆಲ್ಲ ನನ್ನದು, ಬಿಡಿಸುವ ಖರ್ಚು ಯಾರದ್ದೂ ಅಲ್ಲ.

ಶಾರ್ಜಾದ ಲೆಟರ್ ಮೇಲ್ನೋಟಕ್ಕೆ ಅಚ್ಚುಕಟ್ಟಾಗಿತ್ತು. ಆರು ತಿಂಗಳು ಪ್ರೊಬೇಷನ್, ಆಮೇಲೆ ಎರಡು ಕಡೆಯಿಂದಲೂ ಎರಡು ತಿಂಗಳ ನೋಟಿಸ್. ಇದು ಸರಿ. ಆದರೆ ಅದರ ಕೆಳಗೆ ಇನ್ನೊಂದು ಸಾಲಿತ್ತು. ಎರಡು ವರ್ಷ ಮುಗಿಯುವ ಮೊದಲು ರಾಜೀನಾಮೆ ಕೊಟ್ಟರೆ ವೀಸಾ, ಎಮಿರೇಟ್ಸ್ ಐಡಿ (ಅಲ್ಲಿನ ಗುರುತಿನ ಚೀಟಿ), ಮೆಡಿಕಲ್ ಖರ್ಚನ್ನು ಸಂಬಳದಲ್ಲಿ ಹಿಡಿದುಕೊಳ್ಳುತ್ತೇವೆ ಅಂತ.

ಇಲ್ಲಿ ನಾನು ಎರಡನ್ನು ಬೇರೆ ಬೇರೆ ಮಾಡಿ ನೋಡಿದೆ. ನೋಟಿಸ್ ಕೊಡದೆ ಓಡಿಹೋದರೆ ಆ ನೋಟಿಸ್ ದಿನಗಳ ಸಂಬಳ ಕೊಡಬೇಕು ಅನ್ನುವುದು ನ್ಯಾಯ. ವರ್ಷದ ಮಧ್ಯದಲ್ಲಿ ಟೀಚರ್ ಮಾಯವಾದರೆ ಮಕ್ಕಳಿಗೆ ಕಷ್ಟ, ಅದು ನಮಗೂ ಗೊತ್ತು. ಆದರೆ ವೀಸಾ ಖರ್ಚು ಹಾಗಲ್ಲ. ಯುಎಇಯಲ್ಲಿ 2022ರ ಫೆಬ್ರವರಿ 2ರಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನು, ಅಂದರೆ 2021ರ 33ನೇ ಫೆಡರಲ್ ಕಾನೂನು, ಕೆಲಸಕ್ಕೆ ಸೇರಿಸಿಕೊಳ್ಳುವ ಖರ್ಚನ್ನು ಮಾಲೀಕರು ನೌಕರರಿಂದ ನೇರವಾಗಿ ಆಗಲಿ, ಸುತ್ತಿ ಬಳಸಿ ಆಗಲಿ ವಸೂಲಿ ಮಾಡಬಾರದು ಅಂತ ಹೇಳುತ್ತದೆ. ಅದೇ ಕಾನೂನಿನಲ್ಲಿ ಪ್ರೊಬೇಷನ್ ಆರು ತಿಂಗಳಿಗಿಂತ ಜಾಸ್ತಿ ಇರಬಾರದು, ನೋಟಿಸ್ 30 ದಿನಕ್ಕಿಂತ ಕಡಿಮೆ ಅಥವಾ 90 ದಿನಕ್ಕಿಂತ ಜಾಸ್ತಿ ಇರಬಾರದು ಅಂತಲೂ ಇದೆ. ಕಾನೂನು ಇಂಗ್ಲಿಷಿನಲ್ಲಿ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ದೊಡ್ಡದೇನಲ್ಲ. ಒಂದು ಭಾನುವಾರ ಕೂತರೆ ಓದಿ ಮುಗಿಸಬಹುದು. ಇಂಗ್ಲಿಷ್ ಟೀಚರುಗಳಾದ ನಮಗೆ ಅದನ್ನು ಓದುವುದು ಕಷ್ಟವಲ್ಲ.

ನಾನು ಎಚ್‌ಆರ್ ಮೇಡಂಗೆ ಮೇಲ್ ಬರೆದೆ. ಜಗಳದ ಧಾಟಿ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. "ನಿಮ್ಮ ಆಫರ್‌ಗೆ ಧನ್ಯವಾದ. ಇಂಥ ಪುಟದ ಇಂಥ ಸಾಲು ಕಾರ್ಮಿಕ ಇಲಾಖೆಯ ಆಫರ್ ಲೆಟರಿನಲ್ಲೂ ಇರುತ್ತದೆಯೇ? ಅದರ ಪ್ರತಿ ಕಳಿಸಿದರೆ ಸಹಿ ಮಾಡಲು ಅನುಕೂಲ" ಅಂತ ಅಷ್ಟೇ ಬರೆದೆ. ಈ ಪ್ರಶ್ನೆ ಕೇಳಲು ಕಾರಣವಿದೆ. ಯುಎಇಯಲ್ಲಿ ಶಾಲೆಯ ಲೆಟರ್‌ಹೆಡ್ಡಿನಲ್ಲಿ ಬರುವ ಆಫರ್ ಬೇರೆ, ಮಾನವ ಸಂಪನ್ಮೂಲ ಸಚಿವಾಲಯದ ಮೂಲಕ ಬರುವ ಅಧಿಕೃತ ಆಫರ್ ಬೇರೆ. ಎರಡನೆಯದಕ್ಕೆ ಒಂದು ನಮೂನೆ ಇದೆ, ಬಾರ್‌ಕೋಡ್ ಇರುತ್ತದೆ. ವೀಸಾ ಮಾಡಿಸುವ ಮೊದಲು ಅದಕ್ಕೆ ನಮ್ಮ ಸಹಿ ಬೇಕು. ಆಮೇಲೆ ಆಗುವ ಕರಾರು ಅದಕ್ಕೆ ಹೊಂದಬೇಕು. ಮುಂದೆ ಜಗಳವಾದರೆ ಲೆಕ್ಕಕ್ಕೆ ಬರುವುದು ಸಚಿವಾಲಯದಲ್ಲಿ ದಾಖಲಾದ ಕಾಗದ.

ಮೊದಲು ಬಂದ ಉತ್ತರ: "ಇದು ನಮ್ಮ ಸ್ಟ್ಯಾಂಡರ್ಡ್ ಲೆಟರ್, ಎಲ್ಲಾ ಟೀಚರುಗಳಿಗೂ ಇದೇ." ನಾನು ಅದೇ ಪ್ರಶ್ನೆಯನ್ನು ಮತ್ತೆ ಅಷ್ಟೇ ಮೆತ್ತಗೆ ಕೇಳಿದೆ. ಕೆಲವು ದಿನ ಸುಮ್ಮನಿದ್ದರು. ಆಮೇಲೆ ಸಚಿವಾಲಯದ ಆಫರ್ ಬಂತು. ಅದರಲ್ಲಿ ಆ ಸಾಲು ಇರಲಿಲ್ಲ. ಶಾಲೆಯ ಲೆಟರನ್ನೂ ತಿದ್ದಿ ಕಳಿಸಿ ಅಂದೆ, ಕಳಿಸಿದರು. ನಮ್ಮ ಮನೆಯವರು "ಇಷ್ಟೆಲ್ಲ ಕೇಳಿದ್ರೆ ಆಫರ್ ವಾಪಸ್ ತಗೋತಾರೆ ಕಣೆ" ಅಂತ ಹೆದರಿದ್ದರು. ಆ ಭಯ ನನಗೂ ಇತ್ತು. ಆದರೆ ಒಂದು ಪ್ರಶ್ನೆಗೇ ಆಫರ್ ಹಿಂತೆಗೆದುಕೊಳ್ಳುವ ಶಾಲೆ, ನಾಳೆ ಜ್ವರ ಬಂದಾಗ ರಜೆ ಕೇಳಿದರೆ ಏನು ಮಾಡಬಹುದು? ಅಂಥ ಕಡೆ ಹೋಗದೆ ಇರುವುದೇ ಮೇಲು ಅಂತ ನಾನು ಗಟ್ಟಿ ಮಾಡಿಕೊಂಡಿದ್ದೆ.

ಇನ್ನು ಸಂಬಳ. ಥಾಯ್ಲೆಂಡಿನದು ತಿಂಗಳಿಗೆ 25,000 ಬಾಟ್. ಆಗಿನ ದರಕ್ಕೆ ಒಂದು ಬಾಟ್‌ಗೆ 2.30 ರೂಪಾಯಿ ಅಂದರೂ 57,500 ರೂಪಾಯಿ. ನನ್ನ ಹಾಸನದ ಸಂಬಳದ ಎರಡರಷ್ಟಕ್ಕಿಂತ ಜಾಸ್ತಿ. ಆದರೆ ಕರಾರು ಹತ್ತು ತಿಂಗಳದ್ದು. ಥಾಯ್ ಶಾಲೆಗಳು ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ಗೆ ಮುಗಿಯುತ್ತವೆ, ನಡುವೆ ಅಕ್ಟೋಬರ್ ರಜೆ. ಏಜೆನ್ಸಿ ಮೂಲಕ ಹೋದವರಿಗೆ ದೊಡ್ಡ ರಜೆಯಲ್ಲಿ ಸಂಬಳ ಇಲ್ಲದೆ ಇರುವುದು ಅಲ್ಲಿ ಮಾಮೂಲು. ಹೊಟ್ಟೆ ಮತ್ತು ಬಾಡಿಗೆ ಹನ್ನೆರಡು ತಿಂಗಳೂ ಇರುತ್ತವಲ್ಲ. ಹಾಗಾಗಿ ನಾನು ವರ್ಷದ ಲೆಕ್ಕ ಹಾಕಿದೆ. ಹತ್ತು ತಿಂಗಳಿಗೆ 2,50,000 ಬಾಟ್. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿಗೆ ಶೇಕಡಾ 5, ಆಗ ತಿಂಗಳಿಗೆ ಗರಿಷ್ಠ 750 ಬಾಟ್ ಹಿಡಿಯುತ್ತಿದ್ದರು. ಉಳಿದಿದ್ದು 2,42,500. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20,200 ಬಾಟ್ ಚಿಲ್ಲರೆ. ರೂಪಾಯಿಯಲ್ಲಿ 46,500ರ ಆಸುಪಾಸು. ರೂಮು, ಕರೆಂಟು, ಊಟ, ಓಡಾಟ, ಫೋನು ಅಂತ 16,000 ಬಾಟ್ ತೆಗೆದಿಟ್ಟೆ. ಕೈಯಲ್ಲಿ ಉಳಿಯುವುದು ನಾಲ್ಕು ಸಾವಿರ ಬಾಟ್, ಹತ್ತು ಸಾವಿರ ರೂಪಾಯಿಗಿಂತ ಕಡಿಮೆ. ವಿಮಾನದ ಟಿಕೆಟ್ ನನ್ನದೇ. 57,500 ಅನ್ನುವ ಅಂಕಿ ಕೊನೆಗೆ ಇಷ್ಟಾಯಿತು.

ಶಾರ್ಜಾದ್ದು 3,800 ದಿರ್ಹಂ. ಆಗ ಒಂದು ದಿರ್ಹಂಗೆ 22.60 ರೂಪಾಯಿ ಇತ್ತು, ಅಂದರೆ 85,880. ಅಲ್ಲಿ ಸಂಬಳಕ್ಕೆ ಆದಾಯ ತೆರಿಗೆ ಇಲ್ಲ. ವಸತಿ ಶಾಲೆಯದಲ್ಲ, ನಾವೇ ನೋಡಿಕೊಳ್ಳಬೇಕು. ಒಬ್ಬರೇ ಇರುವ ಟೀಚರುಗಳು ಸಾಮಾನ್ಯವಾಗಿ ಶೇರಿಂಗ್‌ನಲ್ಲಿ ರೂಮು ಮಾಡುತ್ತಾರೆ. ಬಾಡಿಗೆಗೆ 1,100, ಊಟಕ್ಕೆ 700, ಬಸ್ಸು ಫೋನು ಸೇರಿ 300 ಅಂತ ಅಲ್ಲಿದ್ದವರನ್ನು ಕೇಳಿ ಹಾಕಿದೆ. 1,700 ಉಳಿಯುತ್ತದೆ, 38 ಸಾವಿರ ರೂಪಾಯಿ.

ಆದರೆ ಯುಎಇ ಲೆಟರಿನಲ್ಲಿ ಒಟ್ಟು ಮೊತ್ತಕ್ಕಿಂತ ಅದನ್ನು ಹೇಗೆ ಒಡೆದಿದ್ದಾರೆ ಅನ್ನೋದನ್ನು ನೋಡಬೇಕು. ನನಗೆ ಬೇಸಿಕ್ 1,500, ಮಿಕ್ಕ 2,300 ಅಲವೆನ್ಸ್ ಅಂತ ಹಾಕಿದ್ದರು. ತಿಂಗಳು ತಿಂಗಳು ಬರುವ ದುಡ್ಡು ಅದೇ, ಏನು ವ್ಯತ್ಯಾಸ ಅನ್ನಿಸುತ್ತೆ ಅಲ್ವಾ? ವ್ಯತ್ಯಾಸ ಗೊತ್ತಾಗುವುದು ಬಿಟ್ಟು ಬರುವಾಗ. ಒಂದು ವರ್ಷ ಪೂರ್ತಿ ಮಾಡಿದ ಮೇಲೆ, ಮೊದಲ ಐದು ವರ್ಷಕ್ಕೆ, ವರ್ಷಕ್ಕೆ 21 ದಿನದ ಸಂಬಳ ಗ್ರ್ಯಾಚುಟಿ. ಅದು ಬೇಸಿಕ್ ಮೇಲೆ ಮಾತ್ರ. ಬೇಸಿಕ್ 1,500 ಆದರೆ ದಿನಕ್ಕೆ 50 ದಿರ್ಹಂ, ವರ್ಷಕ್ಕೆ 1,050, ಎರಡು ವರ್ಷಕ್ಕೆ 2,100. ಅದೇ ಬೇಸಿಕ್ 2,400 ಆಗಿದ್ದರೆ ದಿನಕ್ಕೆ 80, ವರ್ಷಕ್ಕೆ 1,680, ಎರಡು ವರ್ಷಕ್ಕೆ 3,360. ಒಟ್ಟು ಸಂಬಳದಲ್ಲಿ ಒಂದು ಪೈಸೆ ಬದಲಾಗದೆ ನನ್ನ ಕೈಯಿಂದ 28 ಸಾವಿರ ರೂಪಾಯಿ ಹೋಗುತ್ತಿತ್ತು. ಬಳಸದ ರಜೆಗೆ ಕೊನೆಯಲ್ಲಿ ಕೊಡುವ ಹಣವೂ ಬೇಸಿಕ್ ಲೆಕ್ಕದಲ್ಲೇ. ಶಾಲೆಯವರಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ. ಸೇರುವವರಿಗೆ ಗೊತ್ತಿರಬೇಕು.

ಇನ್ನೊಂದು ಅಂಕಿ ನನ್ನನ್ನು ನಿದ್ದೆ ಮಾಡಲು ಬಿಡಲಿಲ್ಲ. ಅಲ್ಲಿ ಕುಟುಂಬದವರನ್ನು ನಮ್ಮ ವೀಸಾದ ಮೇಲೆ ಕರೆಸಿಕೊಳ್ಳಬೇಕಾದರೆ ತಿಂಗಳಿಗೆ 4,000 ದಿರ್ಹಂ ಸಂಬಳ ಇರಬೇಕು, ಇಲ್ಲವೇ 3,000 ಸಂಬಳದ ಜೊತೆ ವಸತಿ ಇರಬೇಕು. ನನಗೆ ಬರೆದದ್ದು 3,800. ಮಗಳಿಗೆ ಆಗ ಏಳು ವರ್ಷ. ತಕ್ಷಣ ಕರೆದುಕೊಂಡು ಹೋಗುವ ಯೋಚನೆ ಇರಲಿಲ್ಲ, 4,000ದಲ್ಲಿ ಕುಟುಂಬ ನಡೆಸುವುದೂ ಆಗದ ಮಾತು. ಆದರೂ ಬರೀ 200 ದಿರ್ಹಂಗೆ ಆ ಬಾಗಿಲು ಮುಚ್ಚಿರುವುದು ನನಗೆ ಬೇಡವಾಗಿತ್ತು. ಅದನ್ನೂ ಕೇಳಿದೆ. "ಹತ್ತು ವರ್ಷದ ಅನುಭವ ಇದೆ, ಬೋರ್ಡ್ ತರಗತಿಗಳಿಗೆ ಪಾಠ ಮಾಡಿದ್ದೇನೆ, 4,000 ಮಾಡಿ, ಬೇಸಿಕ್ 2,400 ಇಡಿ" ಅಂತ. ಪ್ರಿನ್ಸಿಪಾಲರು ಫೋನ್ ಮಾಡಿದರು, ಮಾತಾಡಿದರು, ಒಪ್ಪಿದರು. ಕೇಳದೆ ಇದ್ದಿದ್ದರೆ ಅವರಾಗಿ ಕೊಡುತ್ತಿರಲಿಲ್ಲ.

ಪೀರಿಯಡ್ ಲೆಕ್ಕ ನೋಡುವಾಗ ಪಾಠದ ಹೊತ್ತು ಬೇರೆ, ಶಾಲೆಯಲ್ಲಿರಬೇಕಾದ ಹೊತ್ತು ಬೇರೆ. ಥಾಯ್ ಲೆಟರಿನಲ್ಲಿ ವಾರಕ್ಕೆ 22 ಪೀರಿಯಡ್ ಅಂತಿತ್ತು. ಆದರೆ ಬೆಳಿಗ್ಗೆ ಏಳೂವರೆಗೆ ಗೇಟಿನಲ್ಲಿ ನಿಂತು ಮಕ್ಕಳನ್ನು ಸ್ವಾಗತಿಸಬೇಕು, ಎಂಟಕ್ಕೆ ಧ್ವಜವಂದನೆ, ಸಂಜೆ ನಾಲ್ಕೂವರೆವರೆಗೆ ಇರಬೇಕು. ಶನಿವಾರದ ಇಂಗ್ಲಿಷ್ ಕ್ಯಾಂಪಿಗೆ ಬೇರೆ ದುಡ್ಡಿಲ್ಲ. ಶಾರ್ಜಾದಲ್ಲಿ ಪೀರಿಯಡ್ ಜಾಸ್ತಿ, ವಾರಕ್ಕೆ 28. ಆದರೆ 2022ರ ಜನವರಿಯಿಂದ ಶಾರ್ಜಾದಲ್ಲಿ ವಾರಕ್ಕೆ ನಾಲ್ಕೇ ದಿನ ಶಾಲೆ. ಶುಕ್ರ, ಶನಿ, ಭಾನುವಾರ ರಜೆ. ಪಕ್ಕದ ದುಬೈನಲ್ಲಿ ಶುಕ್ರವಾರ ಅರ್ಧ ದಿನ ಇರುತ್ತದೆ. ದಿನ ಉದ್ದ, ಸಬ್‌ಸ್ಟಿಟ್ಯೂಷನ್, ಅಂದರೆ ರಜೆ ಹಾಕಿದವರ ತರಗತಿ ಬಂದರೆ ಉಸಿರಾಡಲು ಆಗುವುದಿಲ್ಲ. ಆದರೂ ಮೂರು ದಿನ ಕೈಗೆ ಸಿಗುವುದು ಸಣ್ಣ ಮಾತಲ್ಲ. ಉತ್ತರ ಪತ್ರಿಕೆ ತಿದ್ದುವವರಿಗೆ ಇದರ ಬೆಲೆ ಗೊತ್ತು.

ವೀಸಾ ವಿಷಯದಲ್ಲಿ ನಾನು ಮಾತುಕತೆಗೆ ಜಾಗವನ್ನೇ ಇಟ್ಟಿರಲಿಲ್ಲ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ 30 ದಿನ ವೀಸಾ ಇಲ್ಲದೆ ಬರಲು ಬಿಟ್ಟಿತ್ತು. ಏಜೆನ್ಸಿಯವರು ಅದನ್ನೇ ಹೇಳಿದರು: "ಸುಮ್ನೆ ಬನ್ನಿ ಮೇಡಂ, ಪಾಠ ಶುರು ಮಾಡಿ, ಪೇಪರ್ ವರ್ಕ್ ಆಮೇಲೆ ಮಾಡಿಸೋಣ." ಪ್ರವಾಸಕ್ಕೆ ಅಂತ ಹೋಗಿ ಪಾಠ ಮಾಡಿದರೆ ಅದು ಅಲ್ಲಿ ಅಪರಾಧ. ಕೆಲಸಕ್ಕೆ ನಾನ್-ಇಮಿಗ್ರಂಟ್ ಬಿ ವೀಸಾ ಬೇಕು, ಅದರ ಮೇಲೆ ವರ್ಕ್ ಪರ್ಮಿಟ್ ಬೇಕು. ಟೀಚರ್ಸ್ ಕೌನ್ಸಿಲ್‌ನಿಂದ ಲೈಸೆನ್ಸ್ ಅಥವಾ ತಾತ್ಕಾಲಿಕ ಅನುಮತಿ ಬೇಕು. ಇಂಗ್ಲಿಷ್ ಮಾತೃಭಾಷೆ ಅಲ್ಲದ ದೇಶದವರಿಂದ ಟೋಯಿಕ್‌ನಂಥ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ನನ್ನ ಹತ್ತಿರ ಆ ಅಂಕಪಟ್ಟಿಯನ್ನು ಏಜೆನ್ಸಿ ಕೇಳಿಯೇ ಇರಲಿಲ್ಲ. ಕೇಳದೆ ಇದ್ದದ್ದು ಅನುಕೂಲ ಅನ್ನಿಸಬಹುದು. ನನಗೆ ಅದು ಅವರಿಗೆ ಕಾನೂನುಬದ್ಧವಾಗಿ ಪರ್ಮಿಟ್ ಮಾಡಿಸುವ ಉದ್ದೇಶ ಇಲ್ಲ ಅನ್ನೋದರ ಗುರುತಾಗಿ ಕಂಡಿತು.

ಇದರಲ್ಲಿ ಹೆದರಿಕೆಯ ಮಾತೂ ಇದೆ. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ವಿದೇಶಾಂಗ ಸಚಿವಾಲಯ ಒಂದು ಎಚ್ಚರಿಕೆ ಕೊಟ್ಟಿತ್ತು. ಥಾಯ್ಲೆಂಡಿನಲ್ಲಿ ಕೆಲಸ ಅಂತ ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರ್‌ಗೆ ಕರೆದೊಯ್ದು, ಸೈಬರ್ ವಂಚನೆಯ ಕೆಲಸಕ್ಕೆ ಕೂರಿಸುತ್ತಿದ್ದಾರೆ ಅಂತ. ಬಲೆಗೆ ಬಿದ್ದವರಲ್ಲಿ ಹೆಚ್ಚಿನವರು ಐಟಿ ಹುಡುಗರು. ಆದರೂ ಕೆಲಸದ ಹೆಸರು ಏನು ಬೇಕಾದರೂ ಇರಬಹುದು. ಹಾಗಾಗಿ ಶಾಲೆಯ ಹೆಸರು, ಪೂರ್ತಿ ವಿಳಾಸ, ಶಾಲೆಯ ಫೋನ್ ನಂಬರ್ ಕೇಳಿದೆ. ಏಜೆನ್ಸಿಯವರು ಜಿಲ್ಲೆಯ ಹೆಸರು ಮಾತ್ರ ಹೇಳಿದರು, ಯಾವ ಶಾಲೆ ಅನ್ನೋದು ನೀವು ಬಂದ ಮೇಲೆ ತಿಳಿಯುತ್ತದೆ ಅಂದರು. ಯಾವ ಶಾಲೆಗೆ ಹೋಗುತ್ತೇನೆ ಅಂತ ಗೊತ್ತಿಲ್ಲದೆ ವಿಮಾನ ಹತ್ತುವ ಟೀಚರ್ ನಾನಾಗುವುದಿಲ್ಲ ಅಂತ ಅವತ್ತೇ ನಿರ್ಧರಿಸಿದೆ.

ಕೆಲವು ಆಫರ್‌ಗಳನ್ನು ಓದುವುದೇ ಬೇಕಾಗಿಲ್ಲ. ದಕ್ಷಿಣ ಕೊರಿಯಾದ ಖಾಸಗಿ ಇಂಗ್ಲಿಷ್ ಅಕಾಡೆಮಿಯಲ್ಲಿ ಕೆಲಸ ಅಂತ ನಮ್ಮವರಿಗೆ ಲೆಟರ್ ಬರುವುದುಂಟು. ಅಲ್ಲಿ ಇಂಗ್ಲಿಷ್ ಟೀಚರುಗಳ ಇ-2 ವೀಸಾ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಈ ಏಳು ದೇಶದವರಿಗೆ. 2010ರಿಂದ ಜಾರಿಯಲ್ಲಿರುವ ಭಾರತ–ಕೊರಿಯಾ ಒಪ್ಪಂದದಲ್ಲಿ ಭಾರತೀಯರಿಗೆ ಒಂದು ಸಣ್ಣ ದಾರಿ ಇದೆ, ಅದು ಸರ್ಕಾರಿ ಶಾಲೆಗಳಲ್ಲಿ ಸಹಾಯಕ ಟೀಚರ್ ಆಗಿ ಮಾತ್ರ. ಆ ದೇಶದ ಕಾನೂನು ನಮ್ಮ ಪಾಸ್‌ಪೋರ್ಟಿಗೆ ಆ ವೀಸಾವನ್ನೇ ಕೊಡದಿದ್ದರೆ ಸಂಬಳ ಎಷ್ಟು ಬರೆದಿದ್ದರೇನು?

ಈಗ ನನಗೆ ಬೇಸರ ತರಿಸಿದ ಮಾತು ಹೇಳುತ್ತೇನೆ. ಅದೇ ಥಾಯ್ ಏಜೆನ್ಸಿಯ ಜಾಹೀರಾತಿನಲ್ಲಿ ನೇಟಿವ್ ಸ್ಪೀಕರ್‌ಗೆ (ಇಂಗ್ಲಿಷ್ ಮಾತೃಭಾಷೆಯವರಿಗೆ) 38,000 ಬಾಟ್, ನಾನ್-ನೇಟಿವ್‌ಗೆ 25,000 ಅಂತಿತ್ತು. ಅದೇ ತರಗತಿ, ಅಷ್ಟೇ ಪೀರಿಯಡ್. ಅಲ್ಲಿ ಕೆಲಸ ಮಾಡುತ್ತಿದ್ದ ಫಿಲಿಪೀನ್ಸ್‌ನ ಟೀಚರ್ ಒಬ್ಬರು ಫೇಸ್‌ಬುಕ್‌ನಲ್ಲಿ ಸಿಕ್ಕಿ ಮಾತಾಡಿದರು. ಶಿಕ್ಷಣದಲ್ಲಿ ಪದವಿ ಮಾಡಿ ಎಂಟು ವರ್ಷದಿಂದ ಪಾಠ ಮಾಡುತ್ತಿದ್ದ ಅವರಿಗಿಂತ, ಪಾಠದ ಅನುಭವವೇ ಇಲ್ಲದೆ ಬಂದ ಬಿಳಿಯ ಹುಡುಗನಿಗೆ ಜಾಸ್ತಿ ಸಂಬಳವಂತೆ. ಅವನಿಗೆ ಪಾಠದ ಯೋಜನೆ ಬರೆದುಕೊಡುವುದೂ ಇವರೇ. ಇದು ಅನ್ಯಾಯ. ಮಾರುಕಟ್ಟೆ ಹಾಗಿದೆ ಅಂತ ಒಪ್ಪಿಕೊಂಡು ಹೋಗುವವರನ್ನು ನಾನು ದೂರುವುದಿಲ್ಲ, ಮನೆಯ ಕಷ್ಟ ಅವರವರಿಗೇ ಗೊತ್ತು. ಆದರೆ ಇದು ನ್ಯಾಯವಾದ ಆಫರಾ ಅಂತ ನನ್ನನ್ನು ಕೇಳಿದರೆ ಅಲ್ಲ ಅಂತಲೇ ಹೇಳುತ್ತೇನೆ. ವ್ಯಾಕರಣವನ್ನು ಕಲಿತು, ಕಲಿಯುವ ಕಷ್ಟ ತಿಳಿದು, ಅದನ್ನು ಮಕ್ಕಳಿಗೆ ಬಿಡಿಸಿ ಹೇಳುವುದು ಒಂದು ಕಸುಬು. ಆ ಕಸುಬಿಗೆ ಪಾಸ್‌ಪೋರ್ಟಿನ ಬಣ್ಣ ನೋಡಿ ಬೆಲೆ ಕಟ್ಟಬಾರದು.

ಶಾರ್ಜಾ ಶಾಲೆಯ ಬಗ್ಗೆ ಕಾಗದದ ಹೊರಗಿನ ಸುದ್ದಿ ಎರಡು ಕಡೆಯಿಂದ ಸಿಕ್ಕಿತು. ಒಂದು, ಸರ್ಕಾರದ ತಪಾಸಣಾ ವರದಿ. ಶಾರ್ಜಾದಲ್ಲಿ ಖಾಸಗಿ ಶಾಲೆಗಳನ್ನು ನೋಡಿಕೊಳ್ಳುವುದು ಶಾರ್ಜಾ ಪ್ರೈವೇಟ್ ಎಜುಕೇಷನ್ ಅಥಾರಿಟಿ, ಸ್ಪೀಯಾ ಅನ್ನುತ್ತಾರೆ. ದುಬೈನಲ್ಲಿ ಕೆಎಚ್‌ಡಿಎ, ಅಬುಧಾಬಿಯಲ್ಲಿ ಅಡೆಕ್. ಇವರು ಶಾಲೆಗಳಿಗೆ ಹೋಗಿ ನೋಡಿ ಬರೆದ ವರದಿಗಳು ಯಾರು ಬೇಕಾದರೂ ಓದಲು ಸಿಗುತ್ತವೆ. ಅಪ್ಪ ಅಮ್ಮಂದಿರು ಫಲಿತಾಂಶ ನೋಡಲು ಓದುತ್ತಾರೆ. ನಾನು ಮೊದಲ ಪುಟದ ಸಣ್ಣ ಕೋಷ್ಟಕ ನೋಡಿದೆ. ಎಷ್ಟು ಟೀಚರುಗಳು, ಒಬ್ಬರಿಗೆ ಎಷ್ಟು ಮಕ್ಕಳು, ಒಂದು ವರ್ಷದಲ್ಲಿ ಶೇಕಡಾ ಎಷ್ಟು ಟೀಚರುಗಳು ಬಿಟ್ಟು ಹೋಗಿದ್ದಾರೆ ಅಂತ ಅಲ್ಲಿರುತ್ತದೆ. ನನ್ನ ಶಾಲೆಯಲ್ಲಿ ಅದು ಶೇಕಡಾ 20ರ ಸುತ್ತ ಇತ್ತು. ಗಲ್ಫ್‌ನಲ್ಲಿ ಮದುವೆ, ಹೆರಿಗೆ, ಗಂಡನ ವರ್ಗಾವಣೆ ಅಂತ ಬಿಡುವವರು ಇದ್ದೇ ಇರುತ್ತಾರೆ, ಹಾಗಾಗಿ ಅಷ್ಟು ಪರವಾಗಿಲ್ಲ ಅನ್ನಿಸಿತು. ಅರ್ಧಕ್ಕರ್ಧ ಟೀಚರುಗಳು ವರ್ಷ ವರ್ಷ ಬಿಡುವ ಶಾಲೆಯಾಗಿದ್ದರೆ ಸಂಬಳ ಎಷ್ಟಿದ್ದರೂ ಹೋಗುತ್ತಿರಲಿಲ್ಲ.

ಇನ್ನೊಂದು, ಅಲ್ಲೇ ಕೆಲಸ ಮಾಡುವ ಮಂಗಳೂರಿನ ಟೀಚರ್ ಒಬ್ಬರು. ಶಾರ್ಜಾದಲ್ಲಿದ್ದ ನಮ್ಮ ಮನೆಯವರ ಸ್ನೇಹಿತರೊಬ್ಬರು ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ವಿಚಾರಿಸಿ ನಂಬರ್ ಕೊಡಿಸಿದರು. "ಶಾಲೆ ಹೇಗಿದೆ?" ಅಂತ ಕೇಳಿದರೆ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಹೊಸಬರಿಗೆ ಕೆಟ್ಟದ್ದು ಹೇಳಲು ಸಂಕೋಚ. ಆದ್ದರಿಂದ ಹೌದು, ಇಲ್ಲ, ಇಷ್ಟು ಅಂತ ಉತ್ತರ ಬರುವ ಪ್ರಶ್ನೆಗಳನ್ನೇ ಬರೆದಿಟ್ಟುಕೊಂಡಿದ್ದೆ. ಹೋದ ತಿಂಗಳ ಸಂಬಳ ಯಾವ ತಾರೀಖಿಗೆ ಬಂತು? ಬ್ಯಾಂಕಿಗೆ ಬಂತಾ, ಕೈಗೆ ಕೊಟ್ಟರಾ? ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಕೊನೆಯದಾಗಿ ಬಿಟ್ಟು ಹೋದವರಿಗೆ ಗ್ರ್ಯಾಚುಟಿ ಎಷ್ಟು ದಿನಕ್ಕೆ ಸಿಕ್ಕಿತು?

ಅವರು ನಿಧಾನವಾಗಿ ಎಲ್ಲದಕ್ಕೂ ಉತ್ತರ ಕೊಟ್ಟರು. "ನೋಡಿ ಮೇಡಂ, ಸಂಬಳ ಐದನೇ ತಾರೀಕಿನ ಒಳಗೆ ಬರ್ತದೆ, ಬ್ಯಾಂಕಿಗೇ ಬರ್ತದೆ. ಒಮ್ಮೆಯೂ ತಪ್ಪಿಲ್ಲ. ಪಾಸ್‌ಪೋರ್ಟ್ ನನ್ನ ಹತ್ರವೇ ಉಂಟು. ಆದ್ರೆ ಜುಲೈ ಆಗಸ್ಟ್ ರಜೆಯ ಸಂಬಳದ ಬಗ್ಗೆ ನೀವು ಕೇಳ್ಲೇಬೇಕು. ನಾನು ಏಪ್ರಿಲ್‌ನಲ್ಲಿ ಸೇರಿದ್ದು, ಮೊದಲ ವರ್ಷ ರಜೆಗೆ ಅರ್ಧ ಸಂಬಳ ಕೊಟ್ಟದ್ದು. ಮತ್ತೆ ಇನ್ಶೂರೆನ್ಸ್ ಅಂತ ಲೆಟರಿನಲ್ಲಿ ಬರೆದಿದ್ದಾರಾ ನೋಡಿ."

ಬರೆದಿರಲಿಲ್ಲ. ಆರೋಗ್ಯ ವಿಮೆ ದುಬೈ, ಅಬುಧಾಬಿಯಲ್ಲಿ ಮೊದಲಿನಿಂದ ಕಡ್ಡಾಯ. ಶಾರ್ಜಾ ಮತ್ತು ಉತ್ತರದ ಎಮಿರೇಟ್‌ಗಳಲ್ಲಿ ಖಾಸಗಿ ನೌಕರರಿಗೆ ಅದು ಕಡ್ಡಾಯವಾದದ್ದು 2025ರ ಜನವರಿಯಿಂದ. ನಾನು ಸಹಿ ಹಾಕುವಾಗ ಶಾಲೆ ಕೊಡದಿದ್ದರೂ ಕೇಳುವಂತಿರಲಿಲ್ಲ. ರಜೆ ಸಂಬಳ ಮತ್ತು ವಿಮೆ ಎರಡನ್ನೂ ಎಚ್‌ಆರ್ ಮುಂದೆ ಇಟ್ಟೆ. ವಿಮೆ ಬರೆದುಕೊಟ್ಟರು. ಮೊದಲ ವರ್ಷದ ರಜೆಗೆ ಅರ್ಧ ಸಂಬಳ ಅನ್ನುವುದನ್ನು ಬದಲಾಯಿಸಲು ಒಪ್ಪಲಿಲ್ಲ, ಆದರೆ ಅಷ್ಟನ್ನಾದರೂ ಲೆಟರಿನಲ್ಲಿ ಸ್ಪಷ್ಟವಾಗಿ ಬರೆದರು. ಗೊತ್ತಿದ್ದು ಒಪ್ಪಿಕೊಂಡೆ. ವರ್ಷದ ಲೆಕ್ಕದಲ್ಲಿ ಆ ಒಂದು ತಿಂಗಳ ಸಂಬಳ ಕಳೆದೇ ಮುಂದೆ ಹೋದೆ.

ದುಡ್ಡು ಕೇಳುವ ಏಜೆಂಟರ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಪರವಾನಗಿ ಇರುವ ಏಜೆಂಟರ ಪಟ್ಟಿ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿದೆ. ಅವರು ತೆಗೆದುಕೊಳ್ಳಬಹುದಾದ ಗರಿಷ್ಠ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ. ಲಕ್ಷ, ಒಂದೂವರೆ ಲಕ್ಷ ಕೇಳಿದರೆ ಅಲ್ಲಿಗೇ ನಮಸ್ಕಾರ ಹೇಳಿ. ಆದರೆ ಕಾಗದ ಮಾಡಿಸುವ ಖರ್ಚು ನಮ್ಮದೇ ಆಗಬಹುದು, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ. ಯುಎಇಗೆ ಅಂದರೆ ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಸರ್ಕಾರ, ಆಮೇಲೆ ವಿದೇಶಾಂಗ ಸಚಿವಾಲಯ, ಆಮೇಲೆ ಯುಎಇ ರಾಯಭಾರ ಕಚೇರಿ, ಹೀಗೆ ಮೂರು ಕಡೆ ಅಟೆಸ್ಟ್ ಮಾಡಿಸಬೇಕು. ಶುರು ಮಾಡುವ ಮೊದಲು ಶಾಲೆಯವರು ಯಾವ ಯಾವ ಸರ್ಟಿಫಿಕೇಟ್ ಬೇಕು ಅಂತ ಬರೆದು ಕಳಿಸಲಿ. ಸುಮ್ನೆ ಎಲ್ಲವನ್ನೂ ಮಾಡಿಸಿದರೆ ದುಡ್ಡು ದಂಡ.

ಥಾಯ್ಲೆಂಡಿನವರಿಗೆ ಬರುವುದಿಲ್ಲ ಅಂತ ಮೇಲ್ ಮಾಡಿದೆ. ಶಾರ್ಜಾದ ಸಚಿವಾಲಯದ ಆಫರ್‌ಗೆ ಸಹಿ ಹಾಕಿದೆ. ಎಂಟ್ರಿ ಪರ್ಮಿಟ್ ಬಂದಾಗ ಅದರಲ್ಲಿ ನನ್ನ ಹುದ್ದೆ ಟೀಚರ್ ಅಂತಲೇ ಇದೆಯಾ ಅಂತ ನೋಡಿದೆ. ಆಮೇಲೆ ಹಾಸನದ ಶಾಲೆಗೆ ರಾಜೀನಾಮೆ ಕೊಟ್ಟೆ, ಅದಕ್ಕಿಂತ ಮೊದಲು ಅಲ್ಲ. ಏಪ್ರಿಲ್‌ನಲ್ಲಿ ಸೇರಿದೆ. ಆ ತಿಂಗಳ 16ರಂದೇ ಯುಎಇ ಹಿಂದೆಂದೂ ಕಾಣದಂಥ ಮಳೆ ಸುರಿಯಿತು, ಶಾರ್ಜಾದ ಎಷ್ಟೋ ಬೀದಿಗಳು ದಿನಗಟ್ಟಲೆ ನೀರಲ್ಲಿದ್ದವು. ಶಾಲೆ ಆನ್‌ಲೈನ್ ಆಯಿತು. ಹೊಸಬಳಾದ ನನಗೂ ಸಂಬಳ ಪೂರ್ತಿ ಬಂತು. ಒಂದು ದಿನ ಆಫೀಸಿನವರು ಪಾಸ್‌ಪೋರ್ಟ್ ಇಲ್ಲೇ ಭದ್ರವಾಗಿ ಇಟ್ಟಿರುತ್ತೇವೆ ಅಂದರು. ವೀಸಾ ಮಾಡಿಸುವ ಕೆಲಸ ಮುಗಿದ ಮೇಲೆ ಅದನ್ನು ಹಿಡಿದಿಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ. ನಗುತ್ತಲೇ ಜೆರಾಕ್ಸ್ ಕೊಟ್ಟು ಬಂದೆ, ಯಾರೂ ಮತ್ತೆ ಕೇಳಲಿಲ್ಲ. ಸಂಬಳದಲ್ಲಿ ನನ್ನ ಕೈಯಿಂದ ಹೋಗುವುದು, ಕೆಲಸ ಕಳೆದುಕೊಂಡರೆ ನೆರವಿಗೆ ಅಂತ ಇರುವ ಸರ್ಕಾರಿ ವಿಮೆಗೆ ತಿಂಗಳಿಗೆ 5 ದಿರ್ಹಂ ಮಾತ್ರ, ಅದು ನನ್ನಂಥ ನೌಕರರಿಗೆಲ್ಲ ಇರುವುದೇ.

ಹೋದ ವಾರ ಚಿಕ್ಕಮಗಳೂರಿನ ಹುಡುಗಿಯೊಬ್ಬಳು ಒಂದು ಲೆಟರ್ ಕಳಿಸಿದ್ದಳು. ಒಟ್ಟು 3,500 ದಿರ್ಹಂ, ಬೇಸಿಕ್ 1,000. ಕೊನೆಯ ಪುಟದಲ್ಲಿ ಅದೇ ವೀಸಾ ಖರ್ಚಿನ ಸಾಲು. ಎಚ್‌ಆರ್‌ಗೆ ಏನು ಬರೆಯಬೇಕು ಅಂತ ಇಬ್ಬರೂ ಕೂತು ಫೋನಿನಲ್ಲೇ ತಯಾರು ಮಾಡಿದೆವು, ಅವಳು ಕಳಿಸಿದ್ದಾಳೆ. ಇನ್ನೂ ಉತ್ತರ ಬಂದಿಲ್ಲ. ಸಚಿವಾಲಯದ ಆಫರ್ ಕೈಗೆ ಬರುವವರೆಗೆ ಊರಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡ, ಅಟೆಸ್ಟೇಷನ್‌ಗೂ ದುಡ್ಡು ಕಟ್ಟಬೇಡ ಅಂತ ಹೇಳಿದ್ದೇನೆ.